ಗುರುವಿಲ್ಲದೆ ಸಂಗೀತಶಾಸ್ತ್ರವನ್ನು ಕಲಿತ ಜೋಸೆಫ್ ಹೈಡನ್

ಪಾಶ್ಚಾತ್ಯ ಸಂಗೀತದ ಮೇಲ್ದರ್ಜೆಯ ಶಾಸ್ತ್ರಪರೀಕ್ಷೆಗೆ ಸಿದ್ಧರಾಗುವ ಹೆಣ್ಣುಮಕ್ಕಳಲ್ಲಿ ಹಲವರು ಪಿಯಾನೋವನ್ನು ಚೆನ್ನಾಗಿ ನುಡಿಸಬಲ್ಲರು. ನಾಲ್ಕು ಧ್ವನಿಗಳ ಗೀತಗಳನ್ನು ತಪ್ಪಿಲ್ಲದೆ ಹಾಡಬಲ್ಲರು. ಆದರೆ ಹಾರ್ಮನಿಯನ್ನು, ಎಂದರೆ ಸ್ವರಕ್ಕೆ ಸ್ವರವನ್ನು ಹೊಂದಿಸುವ ಶಾಸ್ತ್ರವನ್ನು, ಕ್ರಮವಾಗಿ ಬೋಧಿಸುವವರು ಅವರಿಗೆ ದೊರೆತಿರುವುದಿಲ್ಲ. ಈ ಕೊರತೆಯಿಂದ ಎದೆಗುಂದುವವರು ಜೋಸೆಫ್ ಹೈಡನ್ನನ ಚರಿತ್ರೆಯನ್ನು ಅರಿಯುವುದು ಒಳ್ಳೆಯದು.

ಹೈಡನ್ನನು 1732ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ಆಸ್ಟ್ರಿಯಾ ದೇಶದ ರೋರೌ ಎಂಬ ಗ್ರಾಮದಲ್ಲಿ ಜನಿಸಿದನು. ತಂದೆಯು ಬಂಡಿಯ ಗಾಲಿಗಳನ್ನು ಮಾಡುವವನು. ಹಾರ್ಪ್ ವಾದ್ಯವನ್ನು ನುಡಿಸುತ್ತಿದ್ದನಾದರೂ ಸ್ವರಲಿಪಿಯನ್ನು ಓದಲರಿಯನು. ಬಾಲಕನ ಕಂಠಮಾಧುರ್ಯದ ದೆಸೆಯಿಂದ 1740ರಲ್ಲಿ ಆತನಿಗೆ ವಿಯೆನ್ನಾ ಪಟ್ಟಣದ ಸಂತ ಸ್ಟೀಫನರ ದೇವಾಲಯದ ಗಾಯಕವೃಂದದಲ್ಲಿ ಸ್ಥಾನವು ದೊರೆಯಿತು. ಅಲ್ಲಿ ಹಾಡುವುದಕ್ಕೂ ವಾದ್ಯಗಳನ್ನು ನುಡಿಸುವುದಕ್ಕೂ ಕಲಿತನು. ಶಾಸ್ತ್ರಪಾಠಗಳೋ, ಗಾಯಕವೃಂದದ ಮುಖ್ಯಸ್ಥನಿಂದ ತನಗೆ ದೊರೆತವು ಎರಡೇ ಎಂದು ಆತನು ಮುಪ್ಪಿನಲ್ಲಿ ನೆನೆಯುತ್ತಿದ್ದನು.

ಹರೆಯದಲ್ಲಿ ಧ್ವನಿಯು ಒಡೆಯಲು, ಸುಮಾರು 1749ರಲ್ಲಿ ಆ ಸ್ಥಾನವೂ ತಪ್ಪಿತು. ಕೈಯಲ್ಲಿ ಹಣವಿರಲಿಲ್ಲ. ಕೆಲವು ಮಕ್ಕಳಿಗೆ ಪಾಠ ಹೇಳಿ, ಬೀದಿಯ ಸಂಗೀತಗೋಷ್ಠಿಗಳಲ್ಲಿ ನುಡಿಸಿ, ಮಾಳಿಗೆಯ ಮೇಲಣ ಕಿರುಕೋಣೆಯೊಂದರಲ್ಲಿ ಹುಳು ತಿಂದ ಹಳೆಯ ಕ್ಲೇವಿಯರ್ ವಾದ್ಯದೊಡನೆ ಕಾಲ ಕಳೆದನು.

ಆ ಬಡತನದಲ್ಲಿಯೇ ಆತನ ನಿಜವಾದ ವಿದ್ಯಾಭ್ಯಾಸವು ಆರಂಭವಾಯಿತು. ಯೋಹಾನ್ ಯೋಸೆಫ್ ಫುಕ್ಸ್ ಎಂಬ ಪಂಡಿತನು 1725ರಲ್ಲಿ ಲತೀನ್ ಭಾಷೆಯಲ್ಲಿ ಪ್ರಕಟಿಸಿದ್ದ ಗ್ರಂಥವೊಂದು ಆತನಿಗೆ ಗುರುವಾಯಿತು. ಅದು ಗುರುಶಿಷ್ಯರ ಸಂವಾದರೂಪವಾಗಿದ್ದು, ಕೊಟ್ಟ ಒಂದು ಸ್ವರಪಂಕ್ತಿಗೆ ಮತ್ತೊಂದನ್ನು ಜೋಡಿಸುವ ಬಗೆಯನ್ನು ಐದು ಮೆಟ್ಟಿಲುಗಳಲ್ಲಿ ತಿಳಿಸುತ್ತದೆ: ಮೊದಲು ಒಂದು ಸ್ವರಕ್ಕೆ ಒಂದು, ಬಳಿಕ ಒಂದಕ್ಕೆ ಎರಡು, ತರುವಾಯ ಒಂದಕ್ಕೆ ನಾಲ್ಕು, ನಾಲ್ಕನೆಯದರಲ್ಲಿ ತಡೆದು ಹಿಡಿದ ಸ್ವರಗಳು, ಐದನೆಯದರಲ್ಲಿ ಇವೆಲ್ಲದರ ಮಿಶ್ರಣ. ಹೈಡನ್ನನು ಇದನ್ನು ಬರಿದೆ ಓದಲಿಲ್ಲ. ಒಂದೊಂದು ಅಭ್ಯಾಸವನ್ನೂ ಬರೆದು, ಕೆಲವು ವಾರಗಳವರೆಗೆ ಬದಿಗಿಟ್ಟು, ಪುನಃ ತೆಗೆದು ಪರರ ಬರಹವೆಂಬಂತೆ ಪರೀಕ್ಷಿಸಿ, ದೋಷಗಳು ಕಾಣದಂತಾಗುವ ತನಕ ತಿದ್ದುತ್ತಿದ್ದನು. ತಿದ್ದುವ ಗುರುವಿಲ್ಲದವನಿಗೆ ಕಾಲವೇ ತಿದ್ದುವ ಕಣ್ಣನ್ನು ಕೊಟ್ಟಿತು.

ಆದರೂ ಬಲ್ಲವರ ಸಹಾಯವನ್ನು ಆತನು ಹಗುರವಾಗಿ ಎಣಿಸಲಿಲ್ಲ. ಇಟಲಿಯ ಪೋರ್ಪೋರಾ ಎಂಬ ಗಾಯನಗುರುವಿನ ಶಿಷ್ಯರಿಗೆ ಪಕ್ಕವಾದ್ಯ ನುಡಿಸುತ್ತಾ, ಆತನ ಊಳಿಗವನ್ನೂ ಮಾಡಿ, ಗದರಿಕೆಗಳನ್ನು ಸಹಿಸಿ, ರಚನೆಯಲ್ಲಿ ತನಗಿದ್ದ ನ್ಯೂನತೆಗಳನ್ನು ನೀಗಿಸಿಕೊಂಡನು.

1761ರಲ್ಲಿ ಎಸ್ಟರ್‌ಹಾಜಿ ಪ್ರಭುಗಳ ಆಸ್ಥಾನವನ್ನು ಸೇರಿ, ದೀರ್ಘಕಾಲ ಅಲ್ಲಿ ಸೇವೆ ಸಲ್ಲಿಸಿದನು. ನೂರಕ್ಕೂ ಹೆಚ್ಚು ಸಿಂಫನಿಗಳನ್ನು ರಚಿಸಿದನು. 1791ರ ಜುಲೈ ತಿಂಗಳಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯವು ಆತನಿಗೆ ಸಂಗೀತದ ಗೌರವ ಡಾಕ್ಟರ್ ಪದವಿಯನ್ನು ಇತ್ತಿತು. ಮರುವರ್ಷ ತರುಣ ಬೀಥೋವನ್ನನು ಶಿಷ್ಯನಾಗಿ ಬಂದಾಗ, ಹೈಡನ್ನನು ಆತನ ಮುಂದಿಟ್ಟುದು ಫುಕ್ಸನ ಅವೇ ಅಭ್ಯಾಸಗಳನ್ನು. 1809ರ ಮೇ 31ರಂದು ಹೈಡನ್ನನು ವಿಯೆನ್ನಾದಲ್ಲಿ ಕಾಲವಾದನು.

ಒಳ್ಳೆಯದೊಂದು ಗ್ರಂಥ, ದಿನದಿನದ ಬರವಣಿಗೆ, ತನ್ನ ತಪ್ಪನ್ನು ತಾನೇ ಹುಡುಕುವ ತಾಳ್ಮೆ, ಬಲ್ಲವರು ದೊರೆತಾಗ ಕೇಳಿ ಕಲಿಯುವ ನಮ್ರತೆ, ಇವೇ ಆತನ ಬಂಡವಾಳವಾಗಿದ್ದವು. ಪರೀಕ್ಷೆಯ ದಿನವು ಸಮೀಪಿಸುತ್ತಿರುವ ನಮ್ಮ ಮಕ್ಕಳಿಗೂ ಇವುಗಳಲ್ಲಿ ಯಾವುದೂ ದುರ್ಲಭವಲ್ಲ.