ಅಫೀಮಿನ ಹಿಡಿತದಲ್ಲಿದ್ದ ವೈದ್ಯ: ಸಂತ ಮಾರ್ಕ್ ಜಿ ತಿಯಾನ್‌ಶಿಯಾಂಗ್

ಸಂತ ಮಾರ್ಕ್ ಜಿ ತಿಯಾನ್‌ಶಿಯಾಂಗ್ ಅವರು 1834ರಲ್ಲಿ ಉತ್ತರ ಚೀನಾದಲ್ಲಿ, ಇಂದು ಹೆಬೆ ಎಂದು ಕರೆಯುವ ಪ್ರಾಂತ್ಯದ ಕ್ರೈಸ್ತ ಕುಟುಂಬವೊಂದರಲ್ಲಿ ಹುಟ್ಟಿದರು. ಬೆಳೆದು ವೈದ್ಯರಾದರು. ಬಡವರು ಬಂದರೆ ಹಣ ಮುಟ್ಟದೆ ಔಷಧ ಕೊಡುತ್ತಿದ್ದರು. ಊರಿನಲ್ಲೂ ಧರ್ಮಕೇಂದ್ರದಲ್ಲೂ ಅವರಿಗೆ ಒಳ್ಳೆಯ ಹೆಸರಿತ್ತು. ಹೀಗಿರುವಾಗ ಅವರಿಗೆ ತಡೆಯಲಾರದ ಹೊಟ್ಟೆಬೇನೆ ಬಂತು. ಅಂಥ ನೋವಿಗೆ ಆಗಿನ ವೈದ್ಯರು ಕೊಡುತ್ತಿದ್ದ ಔಷಧವೇ ಅಫೀಮು. ಮಾರ್ಕ್ ಅವರೂ ಅದನ್ನೇ ತೆಗೆದುಕೊಂಡರು. ಹೊಟ್ಟೆಬೇನೆ ಕಡಿಮೆಯಾಯಿತು, ಆದರೆ ಅಫೀಮನ್ನು ಬಿಡಲು ಅವರಿಂದ ಆಗಲಿಲ್ಲ.

ಮೋಜಿಗಾಗಿ ಆರಂಭವಾದ ಚಟವಲ್ಲ ಅದು. ಅಫೀಮು ಕೆಲವು ವಾರ ಒಳಗೆ ಹೋದರೆ ಸಾಕು, ದೇಹ ಅದಕ್ಕೆ ಹೊಂದಿಕೊಂಡುಬಿಡುತ್ತದೆ. ನಿಲ್ಲಿಸಿದೊಡನೆ ಬೆವರು, ನಡುಕ, ನಿದ್ರೆಯಿಲ್ಲದ ರಾತ್ರಿಗಳು, ಭೇದಿ. ಜೊತೆಗೆ ಹೊಟ್ಟೆ ಹಿಂಡುವ ನೋವು. ಯಾವ ಬೇನೆಗೆಂದು ಅಫೀಮು ಹಿಡಿದರೋ ಅಂಥದೇ ಬೇನೆ, ಬಿಡಲು ಹೋದಾಗ ಮತ್ತೆ ಎದುರು ನಿಲ್ಲುತ್ತದೆ. ವೈದ್ಯರಾಗಿದ್ದ ಅವರಿಗೆ ಇದೆಲ್ಲ ಕಣ್ಣಿಗೆ ಕಾಣುತ್ತಿತ್ತು, ಆದರೆ ದಾರಿ ಕಾಣುತ್ತಿರಲಿಲ್ಲ.

ಇಷ್ಟೊಂದು ಅಫೀಮು ಚೀನಾದಲ್ಲಿ ಹೇಗೆ ತುಂಬಿತು? ಈ ಕಥೆಯಲ್ಲಿ ನಮ್ಮ ದೇಶದ ಪಾಲೂ ಇದೆ. ಬಿಹಾರ ಮತ್ತು ಬನಾರಸಿನ ರೈತರಿಂದ ಈಸ್ಟ್ ಇಂಡಿಯಾ ಕಂಪನಿ ಗಸಗಸೆ ಬೆಳೆಸಿ, ಪಟ್ನಾ ಮತ್ತು ಗಾಜೀಪುರದ ಕಾರ್ಖಾನೆಗಳಲ್ಲಿ ಅಫೀಮು ಮಾಡಿಸಿ, ಕಲ್ಕತ್ತೆಯಲ್ಲಿ ಹರಾಜು ಹಾಕುತ್ತಿತ್ತು. ಅಲ್ಲಿಂದ ವ್ಯಾಪಾರಿಗಳು ಹಡಗಿನಲ್ಲಿ ಚೀನಾಕ್ಕೆ ಒಯ್ಯುತ್ತಿದ್ದರು. ಮಾಳವದ ಅಫೀಮು ಮುಂಬಯಿ ಬಂದರಿನಿಂದ ಹೋಗುತ್ತಿತ್ತು. ಚೀನಾದ ಚಕ್ರವರ್ತಿಗಳು ಕೈಕಟ್ಟಿ ಕೂತಿರಲಿಲ್ಲ. 1729ರಲ್ಲೇ ಅಫೀಮಿನ ಮಾರಾಟವನ್ನು ನಿಷೇಧಿಸಿದ್ದರು. 1839ರಲ್ಲಿ ಲಿನ್ ಝೆಶು ಎಂಬ ಅಧಿಕಾರಿ 20,000ಕ್ಕೂ ಹೆಚ್ಚು ಪೆಟ್ಟಿಗೆ ಅಫೀಮನ್ನು ವಶಪಡಿಸಿಕೊಂಡು ನಾಶಮಾಡಿಸಿದರು. ಬ್ರಿಟನ್ ಯುದ್ಧ ಹೂಡಿ ಗೆದ್ದಿತು. ಮತ್ತೊಂದು ಯುದ್ಧದ ನಡುವೆ, 1858ರ ಒಪ್ಪಂದಗಳಿಂದಾಗಿ, ಅಫೀಮು ಸುಂಕ ಕಟ್ಟಿ ತರಬಹುದಾದ ಸರಕಾಯಿತು. ಆಗ ಮಾರ್ಕ್ ಅವರಿಗೆ 24 ವರ್ಷ. ಮುಂದೆ ಚೀನಾದಲ್ಲೇ ಗಸಗಸೆ ಹೇರಳವಾಗಿ ಬೆಳೆಯತೊಡಗಿತು. ಸರ್ಕಾರಕ್ಕೆ ಆದಾಯ, ವ್ಯಾಪಾರಿಗೆ ಲಾಭ. ಚಟ ಹಿಡಿದವನಿಗೆ ಮಾತ್ರ ಅವಮಾನ.

ಆ ಅವಮಾನವನ್ನು ಮಾರ್ಕ್ ಅವರು ಹೆಚ್ಚಾಗಿ ಉಂಡದ್ದು ದೇವಾಲಯದಲ್ಲಿ. ಅವರು ಪದೇ ಪದೇ ಪಾಪನಿವೇದನೆಗೆ ಹೋಗುತ್ತಿದ್ದರು, ಅದೇ ಪಾಪವನ್ನೇ ಹೇಳುತ್ತಿದ್ದರು. ಕೊನೆಗೆ ಗುರುಗಳು, ಅಫೀಮು ಬಿಡುವವರೆಗೆ ಪಾಪಕ್ಷಮೆ ಕೊಡಲಾಗದೆಂದು ತಿಳಿಸಿದರು. ತಿದ್ದಿಕೊಳ್ಳುವ ದೃಢಸಂಕಲ್ಪವಿಲ್ಲದವನ ಪಶ್ಚಾತ್ತಾಪ ನಿಜವಲ್ಲ ಎಂಬುದು ಅವರ ಎಣಿಕೆ. ಕ್ಷಮೆಯಿಲ್ಲವೆಂದ ಮೇಲೆ ಪರಮಪ್ರಸಾದವೂ ಇಲ್ಲ. ಆ ಗುರುಗಳನ್ನು ಕಲ್ಲೆದೆಯವರೆಂದು ಜರೆಯುವುದು ಸರಿಯಲ್ಲ, ವ್ಯಸನ ಒಂದು ಕಾಯಿಲೆ ಎಂಬ ತಿಳಿವಳಿಕೆ ಆ ಕಾಲಕ್ಕೆ ಎಲ್ಲೆಡೆ ಹರಡಿರಲಿಲ್ಲ. ಅಭ್ಯಾಸಬಲ ಮನುಷ್ಯನ ಹೊಣೆಯನ್ನು ಕುಗ್ಗಿಸಬಲ್ಲದು ಎಂದು ಧರ್ಮಸಭೆಯ 1992ರ ಧರ್ಮೋಪದೇಶ ಗ್ರಂಥ ತಿಳಿಸುತ್ತದೆ. ಮಾರ್ಕ್ ಅವರಿಗೆ ಈ ಸಮಾಧಾನ ಹೇಳುವವರು ಯಾರೂ ಇರಲಿಲ್ಲ.

ಸುಮಾರು 30 ವರ್ಷ ಹೀಗೇ ನಡೆಯಿತು. ಪ್ರಿಯರೇ, ಒಂದು ಭಾನುವಾರ ಪ್ರಸಾದದ ಸಾಲಿಗೆ ಹೋಗದೆ ಕೂತರೇ ಅಕ್ಕಪಕ್ಕದವರು ತಿರುಗಿ ನೋಡುತ್ತಾರೆ. ಆ ಮನುಷ್ಯ 30 ವರ್ಷ ಕೂತರು! ಇನ್ನೊಬ್ಬರಾಗಿದ್ದರೆ ದೇವಾಲಯದ ಕಡೆಗೆ ತಲೆಹಾಕುತ್ತಿರಲಿಲ್ಲ. ಇವರು ವಿಶ್ವಾಸ ಬಿಡಲಿಲ್ಲ, ಪ್ರಾರ್ಥನೆ ಬಿಡಲಿಲ್ಲ. ಅಫೀಮನ್ನೂ ಬಿಡಲಾಗಲಿಲ್ಲ. ರಕ್ತಸಾಕ್ಷಿಯಾಗಿ ಸಾಯುವುದೊಂದೇ ತನಗುಳಿದ ದಾರಿ ಎಂದುಕೊಂಡು ಅಂಥ ಮರಣವನ್ನೇ ದೇವರಲ್ಲಿ ಬೇಡುತ್ತಿದ್ದರು.

1900ರಲ್ಲಿ ಬಾಕ್ಸರ್ ದಂಗೆ ಎದ್ದಿತು. ಪರದೇಶಿಗಳ ಮೇಲಿನ ಸಿಟ್ಟು ಚೀನಾದ ಕ್ರೈಸ್ತರ ಮೇಲೂ ತಿರುಗಿತು. ಮಿಷನರಿಗಳಿಗೆ ಒಳನಾಡನ್ನು ತೆರೆದದ್ದೂ ಅಫೀಮಿಗೆ ಬಂದರು ತೆರೆದದ್ದೂ ಅದೇ 1858ರ ಒಪ್ಪಂದಗಳು. ಈ ಕಹಿ ಸತ್ಯವನ್ನು ಮರೆಮಾಚಬೇಕಾಗಿಲ್ಲ. ಮಾರ್ಕ್ ಅವರನ್ನು ಮಗ, ಸೊಸೆಯಂದಿರು, ಮೊಮ್ಮಕ್ಕಳೊಂದಿಗೆ ಹಿಡಿದರು. ವಿಶ್ವಾಸ ತೊರೆದರೆ ಜೀವ ಉಳಿಯುತ್ತಿತ್ತು. ಅಫೀಮಿನ ಮುಂದೆ ದಿನವೂ ಸೋಲುತ್ತಿದ್ದವರು ಇಲ್ಲಿ ಸೋಲಲಿಲ್ಲ. ತಮ್ಮವರಲ್ಲಿ ಯಾರೂ ಒಂಟಿಯಾಗಿ ಸಾಯಬಾರದೆಂದು, ತನ್ನನ್ನು ಕೊನೆಯಲ್ಲಿ ಕೊಲ್ಲಿರೆಂದು ಕೊಲೆಗಾರರನ್ನು ಬೇಡಿಕೊಂಡರು. ಒಬ್ಬೊಬ್ಬರ ತಲೆ ಉರುಳುತ್ತಿದ್ದಾಗ ಪಕ್ಕದಲ್ಲೇ ನಿಂತಿದ್ದರು. ಅವರ ಸರದಿ ಬಂದಾಗ ಮಾತೆ ಮರಿಯಮ್ಮನವರ ಸ್ತುತಿಮಾಲೆಯನ್ನು ಹಾಡುತ್ತಿದ್ದರಂತೆ. ಅದು 1900ರ ಜುಲೈ 7. ಅವರಿಗೆ 66 ವರ್ಷ.

ಅಲ್ಲಿಂದ ಆರು ವರ್ಷಕ್ಕೆ, 1906ರಲ್ಲಿ, ಹತ್ತು ವರ್ಷದೊಳಗೆ ಅಫೀಮನ್ನು ಇಲ್ಲವಾಗಿಸಬೇಕೆಂದು ಚೀನಾ ಸರ್ಕಾರ ಆಜ್ಞೆ ಹೊರಡಿಸಿತು. ಭಾರತದ ಅಫೀಮಿನ ರಫ್ತನ್ನು ವರ್ಷ ವರ್ಷವೂ ಇಳಿಸುತ್ತ ಬರಲು ಬ್ರಿಟನ್ 1907ರಲ್ಲಿ ಒಪ್ಪಿತು. 1912ರಲ್ಲಿ ಹೇಗ್ ನಗರದಲ್ಲಿ ಅಫೀಮಿನ ಬಗ್ಗೆ ಅಂತರರಾಷ್ಟ್ರೀಯ ಒಡಂಬಡಿಕೆಯಾಯಿತು. ಇವೆಲ್ಲ ಸರಕನ್ನು ತಡೆಯುವ ಕ್ರಮಗಳು. ವ್ಯಸನಿಯನ್ನು ರೋಗಿಯೆಂದು ಕಾಣುವ ಕಾನೂನುಗಳು ಬರಲು ಇನ್ನೂ ಬಹುಕಾಲ ಹಿಡಿಯಿತು. ನಮ್ಮಲ್ಲಿ 1985ರ ಮಾದಕ ವಸ್ತುಗಳ ಕಾಯಿದೆ ಕಠಿಣವಾದುದೇ. ಆದರೂ, ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿಯೇ ಮುಂದೆ ಬಂದು, ಸರ್ಕಾರ ಮಾನ್ಯ ಮಾಡಿದ ಕಡೆ ಚಿಕಿತ್ಸೆಯನ್ನು ಪೂರ್ತಿಯಾಗಿ ಪಡೆದರೆ, ಅವನ ಮೇಲಿನ ಮೊಕದ್ದಮೆಯಿಂದ ವಿನಾಯಿತಿ ಕೊಡುವ ಕಲಮು ಅದರಲ್ಲಿದೆ. ಪೊಲೀಸರ ಭಯದಿಂದ ಮಗನನ್ನು ಮನೆಯೊಳಗೇ ಬಚ್ಚಿಡುವ ಎಷ್ಟೋ ತಂದೆತಾಯಿಗಳಿಗೆ ಇದು ಗೊತ್ತೇ ಇಲ್ಲ. ಅಫೀಮು ಜಾತಿಯ ಮಾದಕಗಳ ಸೆಳೆತವನ್ನು ಹಂತಹಂತವಾಗಿ ಇಳಿಸುವ ಮಾತ್ರೆಗಳೂ ಈಗ ವೈದ್ಯರ ಬಳಿ ಇವೆ. ಮಾರ್ಕ್ ಅವರ ಔಷಧದ ಪೆಟ್ಟಿಗೆಯಲ್ಲಿ ಅವು ಇರಲಿಲ್ಲ.

2000ದ ಅಕ್ಟೋಬರ್ 1ರಂದು ರೋಮಿನಲ್ಲಿ ಪೋಪ್ ದ್ವಿತೀಯ ಜಾನ್ ಪಾಲರು ಚೀನಾದ 120 ರಕ್ತಸಾಕ್ಷಿಗಳನ್ನು ಸಂತರೆಂದು ಸಾರಿದರು. ಆ ಪಟ್ಟಿಯಲ್ಲಿ ಧರ್ಮಾಧ್ಯಕ್ಷರಿದ್ದರು, ಗುರುಗಳಿದ್ದರು, ಕನ್ಯಾಸ್ತ್ರೀಯರಿದ್ದರು, ಎಳೆಯ ಮಕ್ಕಳಿದ್ದರು. ದಶಕಗಳ ಕಾಲ ಪರಮಪ್ರಸಾದ ಸಿಗದೆ ಉಳಿದ ಈ ವೈದ್ಯರೂ ಇದ್ದರು. ಎಲ್ಲರ ಸ್ಮರಣೆಯನ್ನೂ ಒಟ್ಟಾಗಿ ಜುಲೈ 9ರಂದು ಆಚರಿಸುತ್ತೇವೆ.