ಕಲ್ಲಿನ ವಯಸ್ಸು ಕಂಡುಹಿಡಿದ ಆರ್ಥರ್ ಹೋಮ್ಸ್

ವಿಜ್ಞಾನದ ಮೇಷ್ಟ್ರಾಗಿ ನಾನು ಮಕ್ಕಳಿಗೆ ಅನೇಕ ವಿಜ್ಞಾನಿಗಳ ಜೀವನ ಹೇಳಿದ್ದೇನೆ. ಅವರಲ್ಲಿ ಆರ್ಥರ್ ಹೋಮ್ಸ್ ನನಗೆ ಬಹಳ ಇಷ್ಟವಾದವರು.

ಹೋಮ್ಸ್ 1890ರಲ್ಲಿ ಇಂಗ್ಲೆಂಡಿನ ಗೇಟ್ಸ್‌ಹೆಡ್‌ನ ಸಾಧಾರಣ ಕುಟುಂಬವೊಂದರಲ್ಲಿ ಹುಟ್ಟಿದರು. ಜಗತ್ತು ಸೃಷ್ಟಿಯಾದದ್ದು ಕ್ರಿ.ಪೂ. 4004ರಲ್ಲಿ ಎಂದು ಮನೆಯ ಬೈಬಲ್ಲಿನ ಅಂಚಿನಲ್ಲಿ ಅಚ್ಚಾಗಿತ್ತು. ಆ ಇಸವಿ ಹೇಗೆ ಗೊತ್ತಾಯಿತು ಎಂಬ ಪ್ರಶ್ನೆ ಹುಡುಗನನ್ನು ಕಾಡಿತು. ಭೂಮಿಯ ವಯಸ್ಸಿನ ಬಗ್ಗೆ ಲಾರ್ಡ್ ಕೆಲ್ವಿನ್ ಹಾಕಿದ್ದ ಲೆಕ್ಕವನ್ನು ಶಾಲೆಯ ಭೌತಶಾಸ್ತ್ರದ ಮೇಷ್ಟ್ರು ಪರಿಚಯಿಸಿದರು. ಆ ಲೆಕ್ಕದ ಪ್ರಕಾರ ಭೂಮಿಗೆ ಕೆಲವೇ ಕೋಟಿ ವರ್ಷ.

ವಿದ್ಯಾರ್ಥಿವೇತನದಿಂದ ಲಂಡನ್ನಿನಲ್ಲಿ ಓದಿದ ಹೋಮ್ಸ್ ಬೇರೆ ದಾರಿ ಹಿಡಿದರು. ಯುರೇನಿಯಂ ತಾನಾಗಿ, ಒಂದೇ ಗತಿಯಲ್ಲಿ ಸೀಸವಾಗುತ್ತದೆ. ಕಲ್ಲಿನಲ್ಲಿ ಉಳಿದ ಯುರೇನಿಯಂ ಎಷ್ಟು, ಸೇರಿದ ಸೀಸ ಎಷ್ಟು ಎಂದು ಅಳೆದರೆ ಅದರ ವಯಸ್ಸು ಸಿಗುತ್ತದೆ. 1911ರಲ್ಲಿ ಅವರು ನಾರ್ವೆಯ ಕಲ್ಲೊಂದಕ್ಕೆ 37 ಕೋಟಿ ವರ್ಷ ಎಂದು ಲೆಕ್ಕ ಕೊಟ್ಟಾಗ ಅವರಿಗಿನ್ನೂ 21 ವರ್ಷ.

ಬದುಕು ಸುಲಭವಾಗಿರಲಿಲ್ಲ. ಹಣಕ್ಕಾಗಿ ಮೊಜಾಂಬಿಕ್‌ಗೆ ಖನಿಜ ಹುಡುಕಲು ಹೋಗಿ ಮಲೇರಿಯಾಕ್ಕೆ ತುತ್ತಾದರು. ಸತ್ತರೆಂದೇ ಊರಿಗೆ ಸುದ್ದಿ ಮುಟ್ಟಿತ್ತು. ಮುಂದೆ ಬರ್ಮಾದ ತೈಲ ಕಂಪನಿಯ ಕೆಲಸಕ್ಕೆ ಹೋದಾಗ ಕಂಪನಿ ದಿವಾಳಿಯಾಯಿತು, ಪುಟ್ಟ ಮಗ ಭೇದಿಯಿಂದ ತೀರಿಕೊಂಡ. ಇಂಗ್ಲೆಂಡಿಗೆ ಮರಳಿ ಕೆಲಕಾಲ ಅಂಗಡಿಯನ್ನೂ ನಡೆಸಿದರು. 1924ರಲ್ಲಿ ಡರ್ಹ್ಯಾಮ್ ವಿಶ್ವವಿದ್ಯಾಲಯ ಕರೆದ ಮೇಲೆ ನೆಲೆ ಸಿಕ್ಕಿತು. ಇಷ್ಟೆಲ್ಲದರ ನಡುವೆಯೂ ಭೂಮಿಯ ವಯಸ್ಸಿನ ಪ್ರಶ್ನೆಯನ್ನು ಅವರು ಬಿಡಲಿಲ್ಲ. ದಕ್ಷಿಣ ಭಾರತದ ಪುರಾತನ ಶಿಲೆಗಳ ಕಾಲಕ್ರಮದ ಬಗ್ಗೆಯೂ ಬರೆದರು.

ಅವರು ಹಾಕಿದ ದಾರಿ ಇಂದು ಮರಳಿನ ಕಣದವರೆಗೆ ಬಂದಿದೆ. ಬಾದಾಮಿಯ ಗುಹೆಗಳನ್ನು ಕೊರೆದ ಮರಳುಗಲ್ಲನ್ನೇ ನೋಡಿ. ಅದು ಒಂದು ಕಾಲದಲ್ಲಿ ನೀರು ಹೊತ್ತು ತಂದ ಮರಳು. ಇಂಥ ಮರಳಿನಲ್ಲಿ ಜಿರ್ಕಾನ್ ಎಂಬ ಗಟ್ಟಿ ಖನಿಜದ ಸಣ್ಣ ಕಣಗಳಿರುತ್ತವೆ. ಕರಗಿದ ಶಿಲೆಯಲ್ಲಿ ಹುಟ್ಟುವಾಗ ಜಿರ್ಕಾನ್ ಯುರೇನಿಯಂ ಸೇರಿಸಿಕೊಳ್ಳುತ್ತದೆ, ಸೀಸವನ್ನು ಹೆಚ್ಚುಕಡಿಮೆ ಹೊರಗಿಡುತ್ತದೆ. ಬೆಟ್ಟ ಸವೆದು ಹೋದರೂ, ಹೊಳೆ ಎಷ್ಟು ದೂರ ಒಯ್ದರೂ ಆ ಕಣ ತನ್ನ ಹುಟ್ಟಿನ ಲೆಕ್ಕವನ್ನು ಸಾಮಾನ್ಯವಾಗಿ ಉಳಿಸಿಕೊಳ್ಳುತ್ತದೆ. ಹೋಮ್ಸ್ ಕಾಲದಲ್ಲಿ ಕಲ್ಲನ್ನು ಕರಗಿಸಿ ಬಹಳ ದಿನ ದುಡಿಯಬೇಕಿತ್ತು. ಈಗ ಲೇಸರ್ ಕಿರಣ ತಾಗಿಸಿ ಒಂದೆರಡು ನಿಮಿಷದಲ್ಲಿ ಒಂದು ಕಣವನ್ನು ಅಳೆಯುತ್ತಾರೆ. ನೂರಾರು ಕಣಗಳ ವಯಸ್ಸನ್ನು ಸುತ್ತಲಿನ ಹಳೆಯ ಶಿಲೆಗಳ ವಯಸ್ಸಿನೊಡನೆ ಹೋಲಿಸಿದರೆ ಮರಳು ಯಾವ ಬೆಟ್ಟದಿಂದ ಬಂತು ಎಂಬುದು ತಿಳಿಯುತ್ತದೆ. ಆದರೆ ಅದು ಮರಳುಗಲ್ಲಿನ ವಯಸ್ಸಲ್ಲ, ಕಣದ ತವರಿನ ವಯಸ್ಸು.

ಹೋಮ್ಸ್ 1965ರಲ್ಲಿ ತೀರಿಕೊಂಡರು. ಅಷ್ಟರಲ್ಲಿ ಭೂಮಿಯ ವಯಸ್ಸು ಸುಮಾರು 455 ಕೋಟಿ ವರ್ಷವೆಂದು ಗೊತ್ತಾಗಿತ್ತು. ಶಾಲೆಯಲ್ಲಿ ಒಬ್ಬ ಮೇಷ್ಟ್ರು ಹುಡುಗನ ಪ್ರಶ್ನೆಗೆ ನೀರೆರೆದದ್ದು ಎಲ್ಲಿಯವರೆಗೆ ಬೆಳೆಯಿತು ನೋಡಿ. ನಮ್ಮ ಶಾಲೆಯ ಮಕ್ಕಳೂ ಹೀಗೆ ಕೇಳಲಿ, ಕೇಳಿದ್ದನ್ನು ಬಿಡದಿರಲಿ ಎಂದು ಈ ಸುವರ್ಣ ಮಹೋತ್ಸವದಲ್ಲಿ ಹಾರೈಸುತ್ತೇನೆ.