ಮಗನ ಸೈಕಲ್ಲಿಗೆ ಗಾಳಿ ಕಟ್ಟಿದ ಪಶುವೈದ್ಯ: ಜಾನ್ ಬಾಯ್ಡ್ ಡನ್ಲಪ್

ಸೈಕಲ್ಲಿನಲ್ಲಿ ಕಾಲೇಜಿಗೆ ಬರುವ ನಮ್ಮೆಲ್ಲರಿಗೂ ಪಂಕ್ಚರ್ ಅಂಗಡಿಯ ಪರಿಚಯ ಚೆನ್ನಾಗಿಯೇ ಇದೆ. ಅಂಗಡಿಯವರು ಟೈರನ್ನು ರಿಮ್ಮಿನಿಂದ ಎಬ್ಬಿಸಿ, ಒಳಗಿನ ಟ್ಯೂಬ್ ಹೊರಗೆಳೆದು, ನೀರಿನಲ್ಲಿ ಅದ್ದಿ, ಗುಳ್ಳೆ ಏಳುವ ಜಾಗವನ್ನು ಹುಡುಕಿ ಪ್ಯಾಚ್ ಹಾಕುತ್ತಾರೆ. ಹತ್ತು ಹದಿನೈದು ನಿಮಿಷದ ಕೆಲಸ. ಆದರೆ ಗಾಳಿ ತುಂಬಿದ ಸೈಕಲ್ ಟೈರು ಮೊದಲು ಮಾರುಕಟ್ಟೆಗೆ ಬಂದಾಗ ಇಷ್ಟು ಸುಲಭವಿರಲಿಲ್ಲ. ಆಗ ಟೈರನ್ನು ರಿಮ್ಮಿಗೆ ಅಂಟಿಸಿಬಿಡುತ್ತಿದ್ದರು. ಇಂದಿಗೂ ರೇಸ್ ಸೈಕಲ್ಲಿಗೆ ಟೈರು ಕೊಳ್ಳುವವರ ಮುಂದೆ ಅದೇ ಪ್ರಶ್ನೆ ನಿಲ್ಲುತ್ತದೆ: ಅಂಟಿಸುವ ಟೈರೋ, ಬಿಚ್ಚುವ ಟೈರೋ? ಈ ಪ್ರಶ್ನೆಯ ಮೂಲದಲ್ಲಿ ಇರುವವರು ಜಾನ್ ಬಾಯ್ಡ್ ಡನ್ಲಪ್. ಅವರು ಎಂಜಿನಿಯರ್ ಆಗಿರಲಿಲ್ಲ. ದನ, ಕುದುರೆಗಳಿಗೆ ಮದ್ದು ಮಾಡುವ ಪಶುವೈದ್ಯರಾಗಿದ್ದರು.

ಡನ್ಲಪ್ ಹುಟ್ಟಿದ್ದು 1840ರ ಫೆಬ್ರವರಿ 5ರಂದು, ಸ್ಕಾಟ್ಲೆಂಡಿನ ಐರ್‌ಶೈರ್ ಪ್ರದೇಶದ ಡ್ರೆಗ್‌ಹಾರ್ನ್ ಎಂಬ ಊರಿನಲ್ಲಿ. ಅವರದು ಬೇಸಾಯದ ಮನೆತನ. ಎಡಿನ್‌ಬರೋ ನಗರದಲ್ಲಿ ಪಶುವೈದ್ಯಕೀಯ ಕಲಿತು, ನಮ್ಮಲ್ಲಿ ಹಲವರು ಡಿಗ್ರಿ ಓದುತ್ತಿರುವ ವಯಸ್ಸಿಗೇ ಅವರು ವೃತ್ತಿಗೆ ಇಳಿದರು. 1867ರಲ್ಲಿ ಐರ್ಲೆಂಡಿಗೆ ಹೋಗಿ, ಮುಂದೆ ಬೆಲ್‌ಫಾಸ್ಟ್ ನಗರದಲ್ಲಿ ನೆಲೆಸಿದರು. ಅಲ್ಲಿ ಅವರ ಚಿಕಿತ್ಸಾಲಯ ಚೆನ್ನಾಗಿ ಬೆಳೆಯಿತು. ಮದುವೆಯಾಗಿ ಒಬ್ಬ ಮಗ, ಒಬ್ಬ ಮಗಳು ಹುಟ್ಟಿದರು. ನಲವತ್ತೇಳು ವರ್ಷ ತುಂಬುವವರೆಗೂ ಅವರ ಬದುಕಿನಲ್ಲಿ ಜಗತ್ತು ನೆನಪಿಡುವಂಥದ್ದು ಏನೂ ನಡೆದಿರಲಿಲ್ಲ.

1887ರಲ್ಲಿ ಅವರ ಮಗ ಜಾನಿಗೆ ಒಂಬತ್ತು ಹತ್ತು ವರ್ಷ. ಅವನ ಬಳಿ ಮೂರು ಚಕ್ರದ ಸೈಕಲ್ ಇತ್ತು. ಆ ಕಾಲದ ಸೈಕಲ್ ಚಕ್ರಗಳಿಗೆ ಗಟ್ಟಿ ರಬ್ಬರಿನ ಪಟ್ಟಿ ಇರುತ್ತಿತ್ತು. ಬೆಲ್‌ಫಾಸ್ಟಿನ ಬೀದಿಗಳಲ್ಲಿ ಕಲ್ಲು ಹಾಸಿದ್ದರು, ನಡುನಡುವೆ ಟ್ರಾಮ್ ಹಳಿಗಳು. ಸೈಕಲ್ ತುಳಿದರೆ ಮೈಯೆಲ್ಲ ಕುಲುಕುತ್ತಿತ್ತು. ಈ ಕುಲುಕಾಟ ಕಡಿಮೆ ಮಾಡುವುದು ಹೇಗೆಂದು ತಂದೆ ಯೋಚಿಸತೊಡಗಿದರು. ರಬ್ಬರ್ ಹಾಳೆಯಿಂದ ಒಂದು ಕೊಳವೆ ಮಾಡಿ, ಮರದ ಗುಂಡು ಹಲಗೆಯ ಅಂಚಿಗೆ ಬಟ್ಟೆಯಿಂದ ಸುತ್ತಿ ಕಟ್ಟಿ, ಫುಟ್‌ಬಾಲಿಗೆ ಗಾಳಿ ಹೊಡೆಯುವ ಪಂಪಿನಿಂದ ಗಾಳಿ ತುಂಬಿದರು. ಬಳಿಕ ಮಗನ ಸೈಕಲ್ಲಿನ ಒಂದು ಚಕ್ರವನ್ನೂ ಈ ಹಲಗೆಯನ್ನೂ ಅಂಗಳದಲ್ಲಿ ಉರುಳಿಸಿ ನೋಡಿದರು. ಹಳೆಯ ಚಕ್ರ ಸ್ವಲ್ಪ ದೂರ ಹೋಗಿ ಬಿದ್ದುಬಿಟ್ಟಿತು. ಗಾಳಿ ತುಂಬಿದ್ದು ಅಂಗಳದ ಕೊನೆಯವರೆಗೂ ಉರುಳಿ, ಗೇಟಿನ ಕಂಬಕ್ಕೆ ಬಡಿದು ಹಿಂದಕ್ಕೆ ಪುಟಿಯಿತು.

ಇದಕ್ಕೆ ಕಾರಣವನ್ನು ನಮ್ಮ ಭೌತಶಾಸ್ತ್ರದ ಪಾಠದಿಂದಲೇ ತಿಳಿಯಬಹುದು. ಗಟ್ಟಿ ಚಕ್ರ ಸಣ್ಣ ಕಲ್ಲು ಸಿಕ್ಕರೂ ಇಡೀ ಸೈಕಲ್ಲನ್ನೂ ಸವಾರನನ್ನೂ ಮೇಲಕ್ಕೆ ಎತ್ತಬೇಕು. ಮುಂದೆ ಸಾಗಬೇಕಾದ ಶಕ್ತಿ ಹೀಗೆ ಎತ್ತಿ ಇಳಿಸುವುದರಲ್ಲೇ ವ್ಯರ್ಥವಾಗುತ್ತದೆ. ಗಾಳಿಯ ಟೈರು ಕಲ್ಲು ತಾಗಿದ ಕಡೆ ಮಾತ್ರ ಒಳಕ್ಕೆ ತಗ್ಗಿ, ದಾಟಿದ ಕೂಡಲೇ ಮೊದಲಿನಂತಾಗುತ್ತದೆ. ಆರಾಮಕ್ಕಾಗಿ ಹುಡುಕಿದ ಉಪಾಯದಿಂದ ವೇಗವೂ ಸಿಕ್ಕಿತು.

1888ರ ಆರಂಭದಲ್ಲಿ ಜಾನಿಯ ಸೈಕಲ್ಲಿನ ಹಿಂದಿನ ಎರಡೂ ಚಕ್ರಗಳಿಗೆ ಗಾಳಿಯ ಟೈರು ಬಂತು. ಡನ್ಲಪ್ ಜುಲೈ 23ರಂದು ಪೇಟೆಂಟಿಗೆ ಅರ್ಜಿ ಹಾಕಿದರು, ಡಿಸೆಂಬರ್ 7ರಂದು ಪೇಟೆಂಟ್ ಸಿಕ್ಕಿತು. ಬೆಲ್‌ಫಾಸ್ಟಿನ ಒಂದು ಸೈಕಲ್ ಕಂಪನಿ ಈ ಟೈರಿನ ಸೈಕಲ್ಲುಗಳನ್ನು ತಯಾರಿಸತೊಡಗಿತು. ನೋಡಿದವರು ನಕ್ಕರು. ತೆಳ್ಳಗಿನ ಗಟ್ಟಿ ಟೈರು ಕಂಡಿದ್ದ ಕಣ್ಣಿಗೆ ಈ ದಪ್ಪ ಟೈರು ತಮಾಷೆಯಾಗಿ ಕಂಡಿತು. ನಗು ನಿಂತದ್ದು 1889ರ ಮೇ 18ರಂದು. ಅಂದು ಬೆಲ್‌ಫಾಸ್ಟಿನ ಕ್ವೀನ್ಸ್ ಕಾಲೇಜಿನ ಕ್ರೀಡಾಕೂಟದಲ್ಲಿ ವಿಲ್ಲಿ ಹ್ಯೂಮ್ ಎಂಬ ಸೈಕಲ್ ಕ್ಲಬ್ ನಾಯಕ ಡನ್ಲಪ್ ಟೈರಿನ ಸೈಕಲ್ ಏರಿ ನಾಲ್ಕು ಸ್ಪರ್ಧೆಗಳನ್ನೂ ಗೆದ್ದರು. ಹ್ಯೂಮ್ ಎದುರು ಸೋತವರಲ್ಲಿ ಡಬ್ಲಿನ್ನಿನ ವ್ಯಾಪಾರಿ ಹಾರ್ವೆ ಡು ಕ್ರಾಸ್ ಅವರ ಮಕ್ಕಳೂ ಇದ್ದರು. ಆ ತಂದೆ ಸೋಲಿನ ಕಾರಣವನ್ನು ಚೆನ್ನಾಗಿ ಗಮನಿಸಿದರು. ಅದೇ ವರ್ಷ ಡು ಕ್ರಾಸ್ ಮತ್ತು ಡನ್ಲಪ್ ಸೇರಿ ಡಬ್ಲಿನ್ನಿನಲ್ಲಿ ಟೈರು ಕಂಪನಿ ಆರಂಭಿಸಿದರು.

ಆದರೆ ಮರುವರ್ಷವೇ ದೊಡ್ಡ ಪೆಟ್ಟು ಬಿತ್ತು. ರಾಬರ್ಟ್ ವಿಲಿಯಂ ಥಾಮ್ಸನ್ ಎಂಬ ಇನ್ನೊಬ್ಬ ಸ್ಕಾಟ್ಲೆಂಡಿನವರು 1845ರಲ್ಲಿಯೇ ಗಾಳಿ ತುಂಬಿದ ಚಕ್ರಕ್ಕೆ ಪೇಟೆಂಟ್ ಪಡೆದಿದ್ದ ಸಂಗತಿ ಹೊರಬಂತು. ಅವರು ಅದನ್ನು ಕುದುರೆ ಗಾಡಿಗೆ ಹಾಕಿ ಲಂಡನ್ನಿನಲ್ಲಿ ಓಡಿಸಿಯೂ ಇದ್ದರು. ಆಗ ಇಂದಿನಂಥ ಸೈಕಲ್ಲೂ ಇರಲಿಲ್ಲ, ತೆಳ್ಳಗಿನ ಒಳ್ಳೆಯ ರಬ್ಬರೂ ಸುಲಭವಾಗಿ ಸಿಗುತ್ತಿರಲಿಲ್ಲ. ಹೀಗಾಗಿ ಜನ ಅದನ್ನು ಮರೆತಿದ್ದರು. ಡನ್ಲಪ್ ಅವರಿಗೆ ಈ ವಿಷಯ ತಿಳಿದೇ ಇರಲಿಲ್ಲ. ಕಾನೂನಿನ ಕಣ್ಣಿನಲ್ಲಿ ಮೊದಲ ಶೋಧಕ ಥಾಮ್ಸನ್ ಆದರು, ಡನ್ಲಪ್ ಅವರ ಮುಖ್ಯ ಪೇಟೆಂಟ್ ಬಿದ್ದುಹೋಯಿತು.

ಎರಡನೆಯ ತೊಂದರೆ ಟೈರಿನೊಳಗೇ ಇತ್ತು. ಡನ್ಲಪ್ ಟೈರಿನಲ್ಲಿ ರಬ್ಬರ್ ಕೊಳವೆಯ ಮೇಲೆ ಕ್ಯಾನ್ವಾಸ್ ಬಟ್ಟೆ ಸುತ್ತಿ, ಅದನ್ನು ರಬ್ಬರ್ ಸಲ್ಯೂಷನ್ನಿನಿಂದ ರಿಮ್ಮಿಗೆ ಅಂಟಿಸುತ್ತಿದ್ದರು. ಮೈದಾನದ ಸ್ಪರ್ಧೆಗೆ ಅದು ಸರಿಹೋಯಿತು. ಆದರೆ ದಾರಿಯಲ್ಲಿ ಒಂದು ಮೊಳೆ ಚುಚ್ಚಿದರೆ ಅಂಟನ್ನು ಬಿಡಿಸಿ, ಬಟ್ಟೆ ಬಿಚ್ಚಿ, ತೂತು ಮುಚ್ಚಿ, ಮತ್ತೆ ಅಂಟಿಸಿ ಒಣಗಲು ಕಾಯಬೇಕಿತ್ತು. ಅದಕ್ಕೆ ಗಂಟೆಗಟ್ಟಲೆ ಹಿಡಿಯುತ್ತಿತ್ತು. 1890ರಲ್ಲಿ ಬ್ರಿಟನ್ನಿನಲ್ಲಿ ವೆಲ್ಚ್ ಮತ್ತು ಬಾರ್ಟ್ಲೆಟ್ ಎಂಬ ಇಬ್ಬರು ಬೇರೆ ಬೇರೆಯಾಗಿ, ರಿಮ್ಮಿಗೆ ಕೂರಿಸಿ ಬಿಚ್ಚಬಹುದಾದ ಟೈರುಗಳನ್ನು ರೂಪಿಸಿದರು. ಡನ್ಲಪ್ ಅವರ ಕಂಪನಿ ಆ ಹಕ್ಕುಗಳನ್ನು ಕೊಂಡು ಉಳಿದುಕೊಂಡಿತು. ಫ್ರಾನ್ಸಿನಲ್ಲಿ ಮಿಷೆಲಿನ್ ಸಹೋದರರು 1891ರಲ್ಲಿ ತಮ್ಮದೇ ಬಿಚ್ಚುವ ಟೈರು ತಂದರು. ಅದೇ ವರ್ಷ ಪ್ಯಾರಿಸ್‌ನಿಂದ ಬ್ರೆಸ್ಟ್‌ಗೆ ಹೋಗಿ ಹಿಂತಿರುಗುವ ಸುಮಾರು 1200 ಕಿಲೋಮೀಟರ್ ಸ್ಪರ್ಧೆಯಲ್ಲಿ ಶಾರ್ಲ್ ಟೆರೋಂ ಮಿಷೆಲಿನ್ ಟೈರಿನಲ್ಲಿ ಸುಮಾರು 71 ಗಂಟೆಗಳಲ್ಲಿ ಗುರಿ ಮುಟ್ಟಿದರು. ಎರಡನೆಯವರಾಗಿ ಬಂದ ಜಿಯೆಲ್ ಲಾವಾಲ್ ಅವರದು ಡನ್ಲಪ್ ಟೈರು. ಎದುರಾಳಿ ಮಲಗಿದ್ದಾಗ ಟೆರೋಂ ನಿದ್ದೆ ಬಿಟ್ಟು ತುಳಿದದ್ದೂ ಅವರ ಗೆಲುವಿಗೆ ಕಾರಣ. ಆದರೂ ದಾರಿಯಲ್ಲೇ ರಿಪೇರಿ ಮಾಡಿಕೊಳ್ಳಬಹುದಾದ ಟೈರಿನ ಬೆಲೆ ಆಗ ಎಲ್ಲರಿಗೂ ತಿಳಿಯಿತು.

ಕಂಪನಿ ಬೆಳೆಯುತ್ತಿದ್ದಂತೆ ಡನ್ಲಪ್ ಅದರಿಂದ ದೂರವಾದರು. ಡಬ್ಲಿನ್ನಿಗೆ ಬಂದು ನೆಲೆಸಿದ ಅವರು 1895ರ ಹೊತ್ತಿಗೆ ಕಂಪನಿ ಬಿಟ್ಟರು. 1896ರಲ್ಲಿ ಡು ಕ್ರಾಸ್ ಅದನ್ನು 30 ಲಕ್ಷ ಪೌಂಡಿಗೆ ಮಾರಿದಾಗ ಆ ಐಶ್ವರ್ಯದಲ್ಲಿ ಡನ್ಲಪ್ ಅವರ ಕೈಗೆ ದೊಡ್ಡ ಪಾಲು ಬರಲಿಲ್ಲ. ಅವರು ಬಟ್ಟೆ ವ್ಯಾಪಾರದ ಒಂದು ಸಂಸ್ಥೆಯಲ್ಲಿ ತೊಡಗಿಕೊಂಡು ಸಾಧಾರಣ ಜೀವನ ನಡೆಸಿದರು. 1921ರ ಅಕ್ಟೋಬರ್ 23ರಂದು ಡಬ್ಲಿನ್ನಿನಲ್ಲಿ ತೀರಿಕೊಂಡರು. ಹಣ ಬೇರೆಯವರಿಗೆ ಹೋದರೂ ಹೆಸರು ಅವರದೇ ಉಳಿಯಿತು. ನಮ್ಮ ದೇಶದ ಹಲವು ಹಳ್ಳಿಗಳಲ್ಲಿ ಗಾಳಿ ಟೈರಿನ ಎತ್ತಿನ ಗಾಡಿಗೆ ಡನ್ಲಪ್ ಗಾಡಿ ಎಂಬ ಹೆಸರೇ ಬಿದ್ದಿದೆ. ಒಬ್ಬ ಪಶುವೈದ್ಯರಿಗೆ ಇದಕ್ಕಿಂತ ಒಪ್ಪುವ ಸ್ಮಾರಕ ಇನ್ನೇನಿದೆ?

ಇನ್ನು ಅಂಟಿಸುವ ಟೈರಿನ ಕಥೆ. ಅದು ಸಾಯಲಿಲ್ಲ, ರೇಸಿನಲ್ಲಿ ಉಳಿಯಿತು. ಅದನ್ನೇ ಇಂದು ಟ್ಯೂಬುಲರ್ ಎನ್ನುತ್ತಾರೆ. ಟ್ಯೂಬನ್ನು ಬಟ್ಟೆಯ ಹೊದಿಕೆಯೊಳಗೆ ಇಟ್ಟು ಹೊಲಿದು, ಮೇಲೆ ರಬ್ಬರ್ ಪಟ್ಟಿ ಹಚ್ಚಿ, ಇಡಿಯಾಗಿ ರಿಮ್ಮಿಗೆ ಅಂಟಿಸುತ್ತಾರೆ. ಟೈರಿನ ಅಂಚನ್ನು ಹಿಡಿದಿಡುವ ಏಣು ಬೇಡವಾದ್ದರಿಂದ ರಿಮ್ ಹಗುರ. ವೇಗದಲ್ಲಿ ಗಾಳಿ ಹೋದರೂ, ಚೆನ್ನಾಗಿ ಅಂಟಿಸಿದ್ದರೆ ಟೈರು ರಿಮ್ಮಿನಿಂದ ಕಳಚುವುದಿಲ್ಲ. ಟೂರ್ ಡಿ ಫ್ರಾನ್ಸ್‌ನ ಹಳೆಯ ಚಿತ್ರಗಳಲ್ಲಿ ಸವಾರರು ಹೆಗಲಿಗೆ ಅಡ್ಡಲಾಗಿ ಸುತ್ತಿಕೊಂಡಿರುವುದು ಇಂಥ ಬಿಡಿ ಟೈರುಗಳನ್ನೇ. ವೃತ್ತಿಪರ ಸವಾರರು ಇತ್ತೀಚಿನ ವರ್ಷಗಳವರೆಗೂ ಇವನ್ನೇ ನೆಚ್ಚಿಕೊಂಡಿದ್ದರು, ಈಗ ಹೆಚ್ಚಿನವರು ಟ್ಯೂಬ್‌ಲೆಸ್ ಕಡೆಗೆ ತಿರುಗಿದ್ದಾರೆ.

ಆದ್ದರಿಂದ ರೋಡ್ ಬೈಕ್ ಕೊಳ್ಳುವ ಆಸೆಯಿರುವ ಗೆಳೆಯರು ಟ್ಯೂಬುಲರ್ ಆರಿಸುವ ಮೊದಲು ಕೆಲವು ಪ್ರಶ್ನೆ ಕೇಳಿಕೊಳ್ಳಬೇಕು. ನನ್ನ ರಿಮ್ ಅದಕ್ಕಾಗಿಯೇ ಮಾಡಿದ್ದೇ? ಎರಡರ ರಿಮ್ಮುಗಳೂ ಬೇರೆ ಬೇರೆ. ಹೊದಿಕೆಯ ನೂಲು ಎಷ್ಟು ನಯ? ನಯವಾದ ಹತ್ತಿಯ ಹೊದಿಕೆ ಚೆನ್ನಾಗಿ ಬಾಗಿ ಸಲೀಸಾಗಿ ಉರುಳುತ್ತದೆ, ಆದರೆ ಬೆಲೆ ಹೆಚ್ಚು. ನನ್ನ ರಸ್ತೆ ಒರಟಾಗಿದ್ದರೆ 23 ಮಿಲಿಮೀಟರಿಗಿಂತ 28 ಮಿಲಿಮೀಟರ್ ಅಗಲದ್ದು ಮೇಲಲ್ಲವೇ? ಅಂಟನ್ನು ಪದರ ಪದರವಾಗಿ ಹಚ್ಚಿ ರಾತ್ರಿಯಿಡೀ ಒಣಗಲು ಬಿಡುವ ತಾಳ್ಮೆ ಇದೆಯೇ? ಅರೆಬರೆ ಅಂಟಿದ ಟೈರು ತಿರುವಿನಲ್ಲಿ ಜಾರಿದರೆ ಜೀವಕ್ಕೇ ಅಪಾಯ. ಕೊನೆಯದಾಗಿ, ಪಂಕ್ಚರ್ ಆದರೆ ಹೊಲಿಗೆ ಬಿಚ್ಚಿ, ಪ್ಯಾಚ್ ಹಾಕಿ, ಮತ್ತೆ ಹೊಲಿದುಕೊಡುವವರು ನಮ್ಮೂರಿನಲ್ಲಿ ಇದ್ದಾರೆಯೇ? ಇಲ್ಲವೆಂದಾದರೆ ದಿನನಿತ್ಯದ ಓಡಾಟಕ್ಕೆ ಬಿಚ್ಚುವ ಟೈರೇ ಸರಿ. ಸ್ಪರ್ಧೆಯ ದಿನ ಗೆಲ್ಲಿಸುವ ಟೈರು ಬೇರೆ, ಪ್ರತಿದಿನ ಮನೆ ಸೇರಿಸುವ ಟೈರು ಬೇರೆ.

ಮುಂದಿನ ಸಲ ಪಂಕ್ಚರ್ ಅಂಗಡಿಯಲ್ಲಿ ನಿಂತಾಗ ವಾಲ್ವನ್ನು ಒಮ್ಮೆ ಗಮನಿಸಿ. ಸಣ್ಣ ರಬ್ಬರ್ ವಾಲ್ ಟ್ಯೂಬ್ ಹಾಕುವ ಆ ಹಳೆಯ ಮಾದರಿಯನ್ನು ರೂಪಿಸಿದವರು ವುಡ್ಸ್ ಎಂಬುವರು, ಆದರೂ ಜಗತ್ತು ಅದನ್ನು ಡನ್ಲಪ್ ವಾಲ್ವ್ ಎಂದೇ ಕರೆಯುತ್ತದೆ. ಗಾಳಿಯ ಚಕ್ರ ಮೊದಲು ಹೊಳೆದದ್ದು ಥಾಮ್ಸನ್ ಅವರಿಗೆ, ಬಿಚ್ಚುವ ಉಪಾಯ ವೆಲ್ಚ್ ಮತ್ತು ಬಾರ್ಟ್ಲೆಟ್ ಅವರದು, ಲಾಭ ಡು ಕ್ರಾಸ್ ಅವರದು. ಡನ್ಲಪ್ ಮಾಡಿದ್ದು ಇಷ್ಟೇ: ಮಗನ ಕಷ್ಟವನ್ನು ಸಣ್ಣದೆಂದು ತಳ್ಳಿಹಾಕದೆ, ಅಂಗಳದಲ್ಲಿ ಎರಡು ಚಕ್ರ ಉರುಳಿಸಿ ಪರೀಕ್ಷೆ ಮಾಡಿದರು. ಇಂದು ನಾವು ಕುಲುಕದೆ ಕಾಲೇಜು ತಲುಪುತ್ತಿರುವುದು ಆ ಪರೀಕ್ಷೆಯಿಂದ.